ದ್ವಾದಶಿ 3-45 ಅಂದ್ರೆ ಮಧ್ಯಾಹ್ನ ಅಲ್ವಾ? ಪಾರಣೆ ಹೊತ್ತು ತಪ್ಪಿಹೋಯಿತು, ತಿಳಿದವರು ಹೇಳಿ

ಬಸವನಗುಡಿ ಸೊಸೆ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಅತ್ತೆಗೆ 78 ವರ್ಷ. ಈ ಮನೆಗೆ ಬಂದಾಗಿನಿಂದ ಒಂದು ಏಕಾದಶಿಯನ್ನೂ ಬಿಟ್ಟವರಲ್ಲ. ಒಂದು ತೊಟ್ಟು ನೀರನ್ನೂ ಮುಟ್ಟುವುದಿಲ್ಲ. ಪಂಚಾಂಗ ನೋಡಿ ಪಾರಣೆ ಹೊತ್ತು, ಅಂದರೆ ಮಾರನೇ ದಿನ ದ್ವಾದಶಿಯಲ್ಲಿ ಉಪವಾಸ ಮುಗಿಸಿ ಉಣ್ಣುವ ಹೊತ್ತು, ಹೇಳುವುದು ಮಾವನ ಕೆಲಸವಾಗಿತ್ತು. ಮಾವ ಹೋದ ವರ್ಷ ತೀರಿಕೊಂಡರು. ಅತ್ತೆಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಹಾಗಾಗಿ ಆ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.

ಗಂಡನ ಮನೆಯವರು ಮಾಧ್ವರು, ನಾನು ಸ್ಮಾರ್ತರ ಮನೆಯವಳು. ಅಮ್ಮನ ಮನೆಯಲ್ಲಿ ಏಕಾದಶಿ ಅಂದರೆ ಅನ್ನ ಇಲ್ಲ, ಅವಲಕ್ಕಿಯೋ ಉಪ್ಪಿಟ್ಟೋ ಆಗುತ್ತಿತ್ತು. ಮಾರನೇ ದಿನ ಎಂದಿನ ಹಾಗೆ ಊಟ. ಗಡಿಯಾರ ನೋಡಿದ್ದು ನೆನಪಿಲ್ಲ.

ಮೊನ್ನೆ ಚೈತ್ರ ಶುದ್ಧ ದ್ವಾದಶಿ. ಮಠದ ಪಂಚಾಂಗ ತೆಗೆದು ನೋಡಿದೆ. "ದ್ವಾದಶಿ 3-45" ಅಂತ ಇತ್ತು. ಮಧ್ಯಾಹ್ನ ಮೂರು ಮುಕ್ಕಾಲು ತನಕ ಇದೆ, ಅವಸರ ಇಲ್ಲ ಅಂದುಕೊಂಡೆ. ಅತ್ತೆಗೂ ಹಾಗೇ ಹೇಳಿದೆ. ನಿಧಾನಕ್ಕೆ ಪೂಜೆ ಮುಗಿಸಿ, ಅಡುಗೆ ಮಾಡಿ, ಎಲೆ ಹಾಕುವಾಗ ಹನ್ನೊಂದೂವರೆ. ಊಟ ಮುಗಿದ ಮೇಲೆ ಮೈಸೂರಿನಿಂದ ನಾದಿನಿ ಫೋನ್ ಮಾಡಿ "ಅಮ್ಮನ ಪಾರಣೆ ಬೆಳಗ್ಗೆಯೇ ಆಯ್ತಲ್ವಾ, ದ್ವಾದಶಿ ಇದ್ದದ್ದು 7:40ರ ತನಕ ಮಾತ್ರ" ಅಂದಳು. ಅತ್ತೆ ನನಗೆ ಒಂದು ಮಾತನ್ನೂ ಆಡಲಿಲ್ಲ. ಜಪದ ಮಣಿ ಹಿಡಿದು ದೇವರ ಮನೆಗೆ ಹೋದರು. ಸಂಜೆ ತನಕ ಹೊರಗೆ ಬರಲಿಲ್ಲ.

ನನ್ನ ಪ್ರಶ್ನೆ ಮೂರು. 3-45 ಹೇಗೆ 7:40 ಆಗುತ್ತದೆ? ಹೊತ್ತು ಮೀರಿದ್ದಕ್ಕೆ ಈಗ ಏನು ಮಾಡಬೇಕು? ಮುಂದಿನ ಸಲ ತಪ್ಪದ ಹಾಗೆ ನೋಡುವುದು ಹೇಗೆ?

ತುಂಗಾತೀರ

ತಾಯಿ, ಮೊದಲು ಅಳು ನಿಲ್ಲಿಸಿ. ಈ ತಪ್ಪನ್ನು ನಮ್ಮ ಮನೆಯಲ್ಲೂ ಮಾಡಿದ್ದಾರೆ. ಮಾಡಿದವನು ನಾನೇ, ಆಗ ಕಾಲೇಜಿನಲ್ಲಿ ಓದುತ್ತಿದ್ದೆ.

ಅದು ಗಂಟೆ-ನಿಮಿಷ ಅಲ್ಲ, ಘಟಿ-ವಿಘಟಿ. ಒಂದು ಘಟಿ ಅಂದರೆ 24 ನಿಮಿಷ. ಒಂದು ಘಟಿಗೆ 60 ವಿಘಟಿ, ಅಂದರೆ ಒಂದು ವಿಘಟಿಗೆ 24 ಸೆಕೆಂಡು. ಎಣಿಕೆ ಶುರುವಾಗುವುದು ನಡುರಾತ್ರಿಯಿಂದ ಅಲ್ಲ, ಸೂರ್ಯೋದಯದಿಂದ. ನಿಮ್ಮ 3-45 ಅಂದರೆ ಮೂರು ಮುಕ್ಕಾಲು ಘಟಿ. ಮೂರು ಮುಕ್ಕಾಲನ್ನು 24ರಿಂದ ಗುಣಿಸಿ. 90 ನಿಮಿಷ ಬಂತು. ಅವತ್ತು ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿದ್ದು 6:10ಕ್ಕೆ. ಅದಕ್ಕೆ ಒಂದೂವರೆ ಗಂಟೆ ಸೇರಿಸಿದರೆ 7:40. ನಿಮ್ಮ ನಾದಿನಿ ಹೇಳಿದ್ದು ಸರಿ.

ಎಲ್ಲ ಪಂಚಾಂಗವೂ ಹೀಗಿರುವುದಿಲ್ಲ. ಕೆಲವು ಈಗ ಗಂಟೆಯಲ್ಲೇ ಕೊಡುತ್ತವೆ. ಕೆಲವು ಎರಡನ್ನೂ ಕೊಡುತ್ತವೆ. ಪುಟದ ತಲೆಯಲ್ಲಿ ಘ. ವಿ. ಅಂತ ಇದೆಯೋ, ಗಂ. ನಿ. ಅಂತ ಇದೆಯೋ ನೋಡಿಕೊಳ್ಳಿ. ಮೊದಲ ಕೆಲಸ ಅದೇ.

ಇಷ್ಟು ಗಡಿಬಿಡಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ಉಪವಾಸ ಒಂದು ವ್ರತ, ಪಾರಣೆ ಅದರಾಚೆಗಿನ ಊಟ ಅಂತ ನಮ್ಮವರು ಎಣಿಸುವುದಿಲ್ಲ. ಏಕಾದಶಿಯ ಉಪವಾಸ, ದ್ವಾದಶಿಯ ಪಾರಣೆ ಎರಡೂ ಸೇರಿ ಒಂದೇ ವ್ರತ. ಪಾರಣೆ ಅನ್ನುವ ಮಾತಿಗೇ ದಡ ಮುಟ್ಟಿಸುವುದು, ಮುಗಿಸುವುದು ಅಂತ ಅರ್ಥ. ಊಟ ಬಿಟ್ಟಷ್ಟೇ ಶ್ರದ್ಧೆಯಿಂದ ಊಟ ಮಾಡಬೇಕು. ನಿಮ್ಮ ಅತ್ತೆಯವರು ದೇವರ ಮನೆಗೆ ಹೋಗಿ ಕೂತದ್ದು ಅದಕ್ಕೆ. ನಿಮ್ಮ ಮೇಲಿನ ಸಿಟ್ಟಿಗಲ್ಲ.

ಸಾಗರದ ಕಡೆಯವ

ನಾವು ಹವ್ಯಕರು. ನಮ್ಮಲ್ಲಿಯೂ ಹಿರಿಯರು ಪಾರಣೆ ಹೊತ್ತು ನೋಡುತ್ತಿದ್ದರು, ಆದರೆ ಇಷ್ಟು ಬಿಗಿ ಇರಲಿಲ್ಲ. ನನಗಿರುವ ಗೊಂದಲ ಬೇರೆ. ಪಾರಣೆ ಬೇಗ ಮಾಡಬೇಕು ಅಂತ ನೀವು ಹೇಳುತ್ತೀರಿ. ನಮ್ಮ ಅಜ್ಜ ಒಂದೊಂದು ದ್ವಾದಶಿ ಹತ್ತು ಹನ್ನೊಂದು ಗಂಟೆ ತನಕ ಕಾಯುತ್ತಿದ್ದರು. "ಇನ್ನೂ ಹರಿವಾಸರ ಕಳೆದಿಲ್ಲ" ಅನ್ನುತ್ತಿದ್ದರು. ಇದು ಅದಕ್ಕೆ ಉಲ್ಟಾ ಅಲ್ವಾ?

ತುಂಗಾತೀರ

ಉಲ್ಟಾ ಅಲ್ಲ. ಅದು ಬಾಗಿಲು ತೆಗೆಯುವ ಹೊತ್ತು, ಇದು ಬಾಗಿಲು ಹಾಕುವ ಹೊತ್ತು.

ದ್ವಾದಶಿ ತಿಥಿಯ ಮೊದಲ ಕಾಲು ಭಾಗಕ್ಕೆ ಹರಿವಾಸರ ಅಂತ ಹೆಸರು. ಏಕಾದಶಿಯ ಕೊನೆಯ ಕಾಲು ಭಾಗವನ್ನೂ ಸೇರಿಸಿ ಹೇಳುವವರಿದ್ದಾರೆ. ಆ ಹೊತ್ತು ಕಳೆಯುವ ತನಕ ಪಾರಣೆ ಇಲ್ಲ. ಹೆಚ್ಚಿನ ಸಲ ಅದು ಏಕಾದಶಿ ದಿನವೇ ಸಂಜೆಗೋ ರಾತ್ರಿಗೋ ಮುಗಿದಿರುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಏಕಾದಶಿ ಬೆಳಗಿನ ಜಾವ 5 ಗಂಟೆಗೆ ಮುಗಿಯಿತು, ದ್ವಾದಶಿ 25 ಗಂಟೆ ಇದೆ ಅಂತ ಇಟ್ಟುಕೊಳ್ಳಿ. ಕಾಲು ಭಾಗ ಅಂದರೆ ಆರೂಕಾಲು ಗಂಟೆ. ಹರಿವಾಸರ 11:15ಕ್ಕೆ ಕಳೆಯಿತು. ನಿಮ್ಮ ಅಜ್ಜ ಕಾದದ್ದು ಇಂಥ ದಿನ.

ಹಾಗಾಗಿ ನೋಡಬೇಕಾದ್ದು ಇಷ್ಟೇ. ಸೂರ್ಯ ಹುಟ್ಟಿರಬೇಕು. ಹರಿವಾಸರ ಕಳೆದಿರಬೇಕು. ದ್ವಾದಶಿ ಇನ್ನೂ ಇರಬೇಕು. ಈ ಮೂರೂ ಕೂಡಿದ ಹೊತ್ತಿನಲ್ಲಿ ಎಲೆ ಮುಂದೆ ಕೂರಬೇಕು. ಸೂರ್ಯೋದಯಕ್ಕೆ ಮೊದಲೇ ದ್ವಾದಶಿ ಮುಗಿದುಹೋಗಿದ್ದರೆ ಸೂರ್ಯೋದಯ ಆದ ಮೇಲೆ ತ್ರಯೋದಶಿಯಲ್ಲೇ ಪಾರಣೆ. ಅದಕ್ಕೆ ದೋಷ ಹೇಳಿಲ್ಲ.

ದ್ವಾದಶಿ ತೀರಾ ಚಿಕ್ಕದಾಗಿದ್ದರೆ ಅದು ಸಾಧನ ದ್ವಾದಶಿ. ನನ್ನ ಬಾಲ್ಯದ ಸಾಧನ ದ್ವಾದಶಿಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ರಾತ್ರಿ ಎರಡೂವರೆಗೇ ಬಾವಿಯ ರಾಟೆ ಸದ್ದು. ಅಮ್ಮ ಒದ್ದೆ ಸೀರೆಯಲ್ಲಿ ಒಲೆ ಊದುತ್ತಿದ್ದಳು. ಅಪ್ಪ ಮಧ್ಯಾಹ್ನದ ಆಹ್ನಿಕವನ್ನೂ ಕತ್ತಲಲ್ಲೇ ಮುಗಿಸುತ್ತಿದ್ದರು. ಮಕ್ಕಳಾದ ನಾವು ನಿದ್ದೆಗಣ್ಣಲ್ಲಿ ಬಾಳೆ ಎಲೆ ಒರೆಸಿ ಸಾಲಾಗಿ ಹಾಕುತ್ತಿದ್ದೆವು. ಪೂರ್ವದಲ್ಲಿ ಕೆಂಪು ಕಂಡ ಮೇಲೆ ಅಪ್ಪ ಜಗುಲಿಗೆ ಬಂದು ನೋಡಿ, "ಹ್ಞಾ, ಬಡಿಸು" ಅನ್ನುತ್ತಿದ್ದರು. ಆ ಎಲೆಯ ಮೇಲಿನ ಬಿಸಿ ಅನ್ನದ ಹಬೆ, ಹಿಂದಿನ ದಿನದ ಹಸಿವು ಎರಡೂ ಇನ್ನೂ ನೆನಪಿದೆ.

ಎರಡನೇ ಮಹಡಿ

ನಾನು ಬೇರೆ ಮಾತು ಹೇಳುತ್ತೇನೆ, ದಯವಿಟ್ಟು ತಪ್ಪು ತಿಳಿಯಬೇಡಿ. 78 ವರ್ಷದ ಹಿರಿಯರು ಇಡೀ ದಿನ ನೀರು ಕುಡಿಯದೆ ಇದ್ದಾರೆ. ದೇವರು ಅದನ್ನು ನೋಡುತ್ತಾನೋ, 7:40 ಆಯ್ತೋ 7:45 ಆಯ್ತೋ ಅನ್ನುವುದನ್ನೋ? ನಮ್ಮ ಅಜ್ಜಿಗೆ ಗಡಿಯಾರವೇ ಗೊತ್ತಿರಲಿಲ್ಲ. ಭಕ್ತಿ ಇದ್ದರೆ ಸಾಲದಾ? ಒಂದು ಪಂಚಾಂಗದಲ್ಲಿ ಒಂದು ಹೊತ್ತು, ಇನ್ನೊಂದರಲ್ಲಿ ಇನ್ನೊಂದು. ನಾವು ಯಾವುದನ್ನು ನಂಬಬೇಕು?

ತುಂಗಾತೀರ

ತಪ್ಪು ತಿಳಿಯುವ ಮಾತೇ ಇಲ್ಲ. ಹೊತ್ತು ಮೀರಿತು ಅಂತ ಅತ್ತೆ ಮಾಡಿದ ಉಪವಾಸ ನೀರಲ್ಲಿ ಹೋಯಿತು ಅಂತ ನಾನು ಖಂಡಿತಾ ಹೇಳುವುದಿಲ್ಲ. ಆದರೆ ನಿಮ್ಮ ಅಜ್ಜಿಗೆ ಗಡಿಯಾರ ಗೊತ್ತಿರಲಿಲ್ಲ ಅನ್ನುವುದನ್ನು ಒಪ್ಪಲಾರೆ. ನೆರಳು, ನಕ್ಷತ್ರ, ಕೋಳಿ ಕೂಗು, ದೇವಸ್ಥಾನದ ಗಂಟೆ ನೋಡಿ ಹೇಳುತ್ತಿದ್ದರು. ಚಂದ್ರ ಯಾವತ್ತು ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ಅವರಿಗೆ ಗೊತ್ತಿತ್ತು. ನಮಗೆ ಗೊತ್ತಿಲ್ಲ.

ಎರಡು ಪಂಚಾಂಗಕ್ಕೆ ಯಾಕೆ ವ್ಯತ್ಯಾಸ ಅನ್ನುವುದು ಒಳ್ಳೆಯ ಪ್ರಶ್ನೆ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. 360 ಡಿಗ್ರಿಗೆ 30 ತಿಥಿ. ಆದರೆ ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ಜೋರು, ದೂರ ಹೋದಾಗ ನಿಧಾನ. ಅದಕ್ಕೇ ಒಂದು ತಿಥಿ 20 ಗಂಟೆಯಲ್ಲಿ ಮುಗಿದರೆ ಇನ್ನೊಂದು 27 ಗಂಟೆಯ ಹತ್ತಿರ ಹೋಗುತ್ತದೆ. ಇದು ದೃಗ್ಗಣಿತದ ಲೆಕ್ಕ, ಆಕಾಶದಲ್ಲಿ ಕಾಣುವ ಚಂದ್ರನಿಗೆ ಹೊಂದುವ ಲೆಕ್ಕ. ಸೂರ್ಯಸಿದ್ಧಾಂತದ ಹಳೆಯ ದಾರಿಯಲ್ಲಿ "ಬಾಣವೃದ್ಧಿ ರಸಕ್ಷಯ" ಅನ್ನುತ್ತಾರೆ. ಬಾಣ ಅಂದರೆ 5, ರಸ ಅಂದರೆ 6. ತಿಥಿ 60 ಘಟಿಯ ಮೇಲೆ 5 ಘಟಿ ಬೆಳೆಯಬಹುದು, 6 ಘಟಿ ಇಳಿಯಬಹುದು. ಅಂದರೆ 26 ಗಂಟೆಗಿಂತ ಜಾಸ್ತಿ ಇಲ್ಲ, 21 ಗಂಟೆ 36 ನಿಮಿಷಕ್ಕಿಂತ ಕಮ್ಮಿ ಇಲ್ಲ. ಎರಡು ಲೆಕ್ಕಕ್ಕೂ ಕೆಲವು ದಿನ ಗಂಟೆಗಟ್ಟಲೆ ಅಂತರ ಬರುತ್ತದೆ.

ಯಾವುದನ್ನು ನಂಬಬೇಕು ಅಂದರೆ, ಮನೆಯಲ್ಲಿ ಹಿಂದಿನಿಂದ ಯಾವುದು ಬಂದಿದೆಯೋ ಅದನ್ನೇ ಹಿಡಿಯಿರಿ. ಒಂದನ್ನು ನೋಡಿ ಉಪವಾಸ ಮಾಡಿ, ಇನ್ನೊಂದನ್ನು ನೋಡಿ ಪಾರಣೆ ಮಾಡುವುದು ಮಾತ್ರ ಬೇಡ. ಅಲ್ಲೇ ಎಡವಟ್ಟಾಗುವುದು.

ರಾತ್ರಿಪಾಳಿ

ನಾನು ನರ್ಸ್. ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಬಸವನಗುಡಿಯ ಅಕ್ಕ, ನಿಮ್ಮ ಅತ್ತೆಗೆ ಸಕ್ಕರೆ ಕಾಯಿಲೆ, ಬಿಪಿ ಏನಾದರೂ ಇದೆಯಾ? ಪಾರಣೆ ಬೆಳಗ್ಗೆ ಆರೂಕಾಲಕ್ಕೋ ಹನ್ನೊಂದೂವರೆಗೋ ಅನ್ನುವುದು ಆರೋಗ್ಯದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ. ದಶಮಿ ರಾತ್ರಿಯೂ ಊಟ ಇಲ್ಲ ಅಂದರೆ ದಶಮಿ ಮಧ್ಯಾಹ್ನದಿಂದ ದ್ವಾದಶಿ ತನಕ ಸುಮಾರು 42 ಗಂಟೆ. ಅದೂ ಚೈತ್ರದ ಬಿಸಿಲಲ್ಲಿ.

ಏಕಾದಶಿ ಮಾರನೇ ದಿನ ತಲೆ ಸುತ್ತಿ ಬಿದ್ದ ಹಿರಿಯರನ್ನು ಕರೆತರುವುದನ್ನು ನಾನು ನೋಡಿದ್ದೇನೆ. ಮನೆಯವರಿಗೆ ನಾನು ಹೇಳುವುದು ಇಷ್ಟು. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ತಿಥಿ ನೋಡಬೇಡಿ, ಹೊತ್ತು ನೋಡಬೇಡಿ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ಸುಲಿನ್ ತಗೊಳ್ಳುವವರು ನಿರ್ಜಲ ಮಾಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ಮಾತ್ರೆಯನ್ನು ತಾವೇ ನಿಲ್ಲಿಸುವುದು ಬೇಡ.

ಬಸವನಗುಡಿ ಸೊಸೆ

ಸಕ್ಕರೆ ಇಲ್ಲ. ಬಿಪಿ ಇದೆ, ಬೆಳಗ್ಗೆ ಒಂದು ಮಾತ್ರೆ. ಏಕಾದಶಿ ದಿನ ಅದನ್ನು ತಗೊಳ್ಳುವುದಿಲ್ಲ, ಎಷ್ಟು ಹೇಳಿದರೂ ಕೇಳುವುದಿಲ್ಲ. "ಮಾತ್ರೆಗೆ ನೀರು ಬೇಕಲ್ಲ" ಅನ್ನುತ್ತಾರೆ.

ತುಂಗಾತೀರ

ಅವರಿಗೆ ಈ ಶ್ಲೋಕ ಹೇಳಿ, ಅವರಿಗೇ ಗೊತ್ತಿರುತ್ತದೆ. "ಅಷ್ಟೈತಾನ್ಯವ್ರತಘ್ನಾನಿ ಆಪೋ ಮೂಲಂ ಫಲಂ ಪಯಃ". ವ್ರತ ಕೆಡಿಸದ ಎಂಟು ಪದಾರ್ಥ ಅಂತ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಕೋರಿಕೆ, ಗುರುವಿನ ಮಾತು, ಔಷಧ. ಏಕಾದಶಿಗೆ ಇದನ್ನು ಹಾಗೇ ಹಚ್ಚಬಾರದು, ನೀರು ಹಾಲು ಎಲ್ಲ ಆಗದು ಅನ್ನುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇರಲಿ. ಆದರೆ ಔಷಧದ ಬಗ್ಗೆ ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ. ಬಿಪಿ ಮಾತ್ರೆ ನುಂಗುವಷ್ಟು ತೀರ್ಥದಿಂದ ಹರಿ ಮುನಿಯುವುದಿಲ್ಲ.

ಎಂಟು ವರ್ಷ ದಾಟಿದವರು, ಎಂಬತ್ತು ತುಂಬದವರು ಉಪವಾಸ ಮಾಡಬೇಕು ಅಂತ ಶಾಸ್ತ್ರವೇ ಗೆರೆ ಎಳೆದಿದೆ. ನಿಮ್ಮ ಅತ್ತೆಗೆ ಇನ್ನೆರಡು ವರ್ಷ. ಆಮೇಲೆ ಅವರನ್ನು ಯಾರೂ ಕೇಳುವ ಹಾಗಿಲ್ಲ. ಅವರು ಬಿಡುವುದಿಲ್ಲ, ಅದು ಬೇರೆ ಮಾತು.

ಹಡ್ಸನ್ ದಂಡೆ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಮೊದಲ ನಾಲ್ಕು ವರ್ಷ ಊರಿಗೆ ಫೋನ್ ಮಾಡಿ "ಅಮ್ಮಾ, ಏಕಾದಶಿ ಯಾವತ್ತು" ಅಂತ ಕೇಳಿ ಅದೇ ತಾರೀಖಿಗೆ ಉಪವಾಸ ಮಾಡಿದೆ. ಆಮೇಲೆ ಗೊತ್ತಾಯಿತು, ಎಷ್ಟೋ ಸಲ ನಾನು ದ್ವಾದಶಿ ದಿನ ಉಪವಾಸ ಮಾಡಿದ್ದೆ!

ಒಂದು ಲೆಕ್ಕ ಕೊಡುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು. ಭಾರತದಲ್ಲಿ ಏಕಾದಶಿ ಸೋಮವಾರ ಬೆಳಗ್ಗೆ 8ಕ್ಕೆ ಶುರುವಾಗಿ ಮಂಗಳವಾರ ಬೆಳಗ್ಗೆ 9ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ಊರಲ್ಲಿ ಸೋಮವಾರ ಸೂರ್ಯ ಹುಟ್ಟುವಾಗ ಇನ್ನೂ ದಶಮಿ. ಉಪವಾಸ ಮಂಗಳವಾರ, ಪಾರಣೆ ಬುಧವಾರ. ಬೇಸಿಗೆಯಲ್ಲಿ ನಾವು ಒಂಬತ್ತೂವರೆ ಗಂಟೆ ಹಿಂದೆ. ಅದೇ ಏಕಾದಶಿ ನಮಗೆ ಭಾನುವಾರ ರಾತ್ರಿ 10:30ಕ್ಕೆ ಬಂದು ಸೋಮವಾರ ರಾತ್ರಿ 11:30ಕ್ಕೆ ಹೋಗುತ್ತದೆ. ನಮ್ಮ ಸೋಮವಾರದ ಸೂರ್ಯೋದಯಕ್ಕೆ ಆಗಲೇ ಏಕಾದಶಿ. ಉಪವಾಸ ಸೋಮವಾರ, ಪಾರಣೆ ಮಂಗಳವಾರ ಬೆಳಗ್ಗೆ. ಅಮ್ಮ ಉಪವಾಸ ಕೂರುವ ತಾರೀಖಿಗೆ ನನ್ನದು ಪಾರಣೆ.

ತಿಥಿ ಇಡೀ ಭೂಮಿಗೆ ಒಂದೇ ಕ್ಷಣದಲ್ಲಿ ಬದಲಾಗುತ್ತದೆ. ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಇಷ್ಟು ಅರ್ಥವಾದ ಮೇಲೆ ಅಮ್ಮನಿಗೂ ಸಮಾಧಾನ ಆಯಿತು. ಮೊದಲು "ನೀನು ಒಂದು ದಿನ ಮುಂಚೆ ಯಾಕೆ ಮಾಡ್ತೀಯಾ" ಅಂತ ತುಂಬಾ ನೊಂದುಕೊಂಡಿದ್ದರು.

ಆ್ಯಪ್ ನೋಡುವವರಿಗೆ ಒಂದು ಮಾತು. ಅದರಲ್ಲಿ ಯಾವ ಊರು ಇಟ್ಟಿದ್ದೀರಿ ಅಂತ ನೋಡಿ. ನನ್ನ ಗೆಳೆಯ ಬೆಂಗಳೂರಿನಲ್ಲೇ ಇದ್ದುಕೊಂಡು ವರ್ಷಗಟ್ಟಲೆ ದೆಹಲಿಯ ಹೊತ್ತು ನೋಡುತ್ತಿದ್ದ. ಜನವರಿಯಲ್ಲಿ ದೆಹಲಿಯ ಸೂರ್ಯೋದಯ ಬೆಂಗಳೂರಿಗಿಂತ ಸುಮಾರು ಅರ್ಧ ಗಂಟೆ ತಡ.

ಸಾಗರದ ಕಡೆಯವ

ನಮ್ಮ ಊರಲ್ಲೂ ಒಂದೊಂದು ಸಲ ಎದುರುಮನೆ ಮಾಧ್ವರದ್ದು ಒಂದು ದಿನ, ನಮ್ಮದು ಒಂದು ದಿನ ಏಕಾದಶಿ ಬರುತ್ತಿತ್ತು. ಚಿಕ್ಕವನಿದ್ದಾಗ ಆ ಮನೆಯ ಹುಡುಗ ನಮ್ಮ ಮನೆಯಲ್ಲಿ ಊಟ ಮಾಡುವ ಹಾಗಿಲ್ಲ, ಮಾರನೇ ದಿನ ನಾನು ಅಲ್ಲಿಗೆ ಹೋದರೆ ತಿನ್ನಲಿಕ್ಕೆ ಏನೂ ಇಲ್ಲ. ಅದು ಅರುಣೋದಯದ ವಿಷಯ ಅಂತ ಆಮೇಲೆ ತಿಳಿಯಿತು. ಸೂರ್ಯೋದಯಕ್ಕೆ 4 ಘಟಿ ಮೊದಲು ಅರುಣೋದಯ, ಅಂದರೆ 96 ನಿಮಿಷ. ದಶಮಿ 5:20ಕ್ಕೆ ಮುಗಿದು, ಸೂರ್ಯ 6:10ಕ್ಕೆ ಹುಟ್ಟಿದರೆ ನಮಗೆ ಅವತ್ತೇ ಏಕಾದಶಿ. ಅವರಿಗೆ ಅರುಣೋದಯದ ಹೊತ್ತಿಗೆ ದಶಮಿ ತಾಗಿತು, ಹಾಗಾಗಿ ಮಾರನೇ ದಿನ ಉಪವಾಸ. ಬಸವನಗುಡಿಯವರೇ, ನಿಮ್ಮ ಅಮ್ಮನ ಮನೆಗೂ ಗಂಡನ ಮನೆಗೂ ದಿನವೇ ಬೇರೆಯಾಗಬಹುದು, ಅದನ್ನೂ ಗಮನದಲ್ಲಿಡಿ.

ಹುಬ್ಬಳ್ಳಿ ಅಕ್ಕ

ನೀವೆಲ್ಲ ಸೂರ್ಯನ್ನ ಕಾಯುತ್ತೀರಿ, ನಾವು ಚಂದ್ರನ್ನ ಕಾಯುತ್ತೇವೆ. ನಮ್ಮ ಮನೆಯಲ್ಲಿ ಪ್ರತಿ ತಿಂಗಳು ಸಂಕಷ್ಟಿ. ಹಗಲು ಸಾಬೂದಾಣಿ ಖಿಚಡಿಯೋ ಹಣ್ಣೋ. ಸಂಜೆ ಗಣಪತಿ ಪೂಜೆ, ಚಂದ್ರ ಕಂಡ ಮೇಲೆ ಅರ್ಘ್ಯ ಕೊಟ್ಟು ಊಟ. ಮಂಗಳವಾರ ಬಿದ್ದರೆ ಅಂಗಾರಕಿ, ಅವತ್ತು ಮನೆ ತುಂಬ ಜನ.

ನನ್ನ ತಕರಾರು ಏನಂದರೆ, ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಸುತ್ತ ಎತ್ತರದ ಕಟ್ಟಡ. ಚಂದ್ರೋದಯ 9:05 ಅಂತ ಪಂಚಾಂಗದಲ್ಲಿದೆ, ಚಂದ್ರ ನಮ್ಮ ಕಿಟಕಿಗೆ ಬರುವುದು ಹತ್ತು ಗಂಟೆಗೆ. ಮಳೆಗಾಲದಲ್ಲಂತೂ ಬರುವುದೇ ಇಲ್ಲ. ಹೋದ ಆಷಾಢದಲ್ಲಿ ತಾಮ್ರದ ತಂಬಿಗೆ, ಗಂಧ, ಅಕ್ಷತೆ ಹಿಡಿದು ಟೆರೇಸಿನ ಮೇಲೆ ಒಂದೂವರೆ ಗಂಟೆ ನಿಂತೆ. ಮೊಮ್ಮಗಳು ಕೊಡೆ ಹಿಡಿದಿದ್ದಳು. ಮೋಡ ಸರಿಯಲೇ ಇಲ್ಲ. ಇಂಥ ದಿನ ಏನು ಮಾಡುತ್ತೀರಿ?

ಕಡಲತೀರ, ಉಡುಪಿ

ಅಕ್ಕ, ನಮ್ಮ ಕರಾವಳಿಯ ಮಳೆಯಲ್ಲಿ ಚಂದ್ರನನ್ನು ಕಂಡೇ ಊಟ ಅಂದರೆ ಎರಡು ತಿಂಗಳು ಊಟವೇ ಇಲ್ಲ! ನಮ್ಮ ಮನೆಯಲ್ಲಿ ಪಂಚಾಂಗದ ಚಂದ್ರೋದಯದ ಹೊತ್ತು ಆದ ಮೇಲೆ ಪೂರ್ವಕ್ಕೆ ತಿರುಗಿ ಅರ್ಘ್ಯ ಕೊಟ್ಟುಬಿಡುತ್ತಾರೆ. ಮೋಡದ ಹಿಂದೆ ಅವನು ಇದ್ದೇ ಇರುತ್ತಾನಲ್ಲ. ಕಟ್ಟಡ ಅಡ್ಡ ಇದ್ದರೂ ಅದೇ ಮಾತು. ಆದರೆ ಹೊತ್ತು ನಿಮ್ಮ ಊರಿನದ್ದಾಗಿರಲಿ. ಬೆಂಗಳೂರಿಗೂ ನಮ್ಮ ಮಂಗಳೂರು ಕಡೆಗೂ ಹತ್ತು ಹನ್ನೊಂದು ನಿಮಿಷ ವ್ಯತ್ಯಾಸ ಇದೆ, ನಮಗೆ ಚಂದ್ರ ತಡವಾಗಿ ಬರುತ್ತಾನೆ.

ಇಲ್ಲಿ ಕೃಷ್ಣಾಷ್ಟಮಿಗೂ ಚಂದ್ರನದ್ದೇ ಲೆಕ್ಕ. ಬಹುಳ ಅಷ್ಟಮಿಯ ಚಂದ್ರ ನಡುರಾತ್ರಿಯ ಹೊತ್ತಿಗೇ ಹುಟ್ಟುತ್ತಾನೆ. ಆಗ ಅರ್ಘ್ಯ. ಅವತ್ತು ಅರ್ಘ್ಯ ಕೊಟ್ಟ ಕೂಡಲೇ ಊಟ ಅಲ್ಲ, ಪಾರಣೆ ಮಾರನೇ ದಿನ. ಆ ದಿನವೇ ಇಲ್ಲಿ ವಿಟ್ಲಪಿಂಡಿ, ರಥಬೀದಿಯಲ್ಲಿ ಮೊಸರು ಕುಡಿಕೆ. ಒಂದೇ ಚಂದ್ರ, ಸಂಕಷ್ಟಿಗೆ ಊಟಕ್ಕೆ ಕರೆಯುತ್ತಾನೆ, ಅಷ್ಟಮಿಗೆ ಬೆಳಗಿನ ತನಕ ಕಾಯಲು ಹೇಳುತ್ತಾನೆ.

ಲಂಡನ್ನಿನಿಂದ

ಹುಬ್ಬಳ್ಳಿ ಅಕ್ಕನಿಗೆ ನನ್ನ ನಮಸ್ಕಾರ. ಇಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂಕಾಲರ ಮೇಲೆ. ಸಂಕಷ್ಟಿ ಚಂದ್ರ ಬರುವಾಗ ಹತ್ತಿರ ಹತ್ತಿರ ಮಧ್ಯರಾತ್ರಿ. ಬೆಳಗ್ಗೆ ಮಕ್ಕಳ ಸ್ಕೂಲು, ನನ್ನ ಕೆಲಸ. ಮೊದಲ ವರ್ಷ ಬಿಟ್ಟುಬಿಡೋಣ ಅನ್ನಿಸಿತ್ತು. ಅಮ್ಮ "ಹಗಲು ಹಣ್ಣು ಹಾಲು ತಗೋ, ರಾತ್ರಿ ಅರ್ಘ್ಯ ಬಿಡಬೇಡ" ಅಂದರು. ಈಗ ಏಳು ವರ್ಷ ಆಯಿತು. ಮಕ್ಕಳು ಮಲಗಿರುತ್ತಾರೆ, ನಾನು ಹಿತ್ತಲಿಗೆ ಹೋಗಿ ಒಬ್ಬಳೇ ನಿಲ್ಲುತ್ತೇನೆ. ಆ ಹತ್ತು ನಿಮಿಷ ನನಗೆ ಬಹಳ ದೊಡ್ಡದು.

ರಾತ್ರಿಪಾಳಿ

ಪಾರಣೆಗೆ ಏನು ತಿನ್ನಬೇಕು ಅಂತಲೂ ಯಾರಾದರೂ ಹೇಳಿ. ಅಷ್ಟು ಹೊತ್ತು ಖಾಲಿ ಇದ್ದ ಹೊಟ್ಟೆಗೆ ಒಂದೇ ಸಲ ಕರಿದದ್ದು, ಖಾರ, ಕಾಫಿ ಬೀಳುವುದನ್ನು ನೋಡುತ್ತಿರುತ್ತೇನೆ. ಮೊದಲು ನೀರು, ಸ್ವಲ್ಪ ಹೊತ್ತು ಬಿಟ್ಟು ಮೆತ್ತಗಿನ ಊಟ. ಹಿರಿಯರಿಗಂತೂ ಹೀಗೇ ಆಗಬೇಕು.

ಕಡಲತೀರ, ಉಡುಪಿ

ಅದನ್ನು ಹಿಂದಿನವರೇ ಗೊತ್ತು ಮಾಡಿಟ್ಟಿದ್ದಾರೆ. ಮೊದಲು ತೀರ್ಥ. ಆಮೇಲೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ, ಹೆಸರುಬೇಳೆ ತೊವ್ವೆ. ನೆಲ್ಲಿಕಾಯಿ ಸಿಗದ ಕಾಲಕ್ಕೆ ಒಣಗಿಸಿಟ್ಟ ನೆಲ್ಲಿಚಟ್ಟಿನ ತಂಬುಳಿ. ಅಗಸೆ ಸೊಪ್ಪು ಸ್ವಲ್ಪ ಕಹಿ, ಎಲೆ ಬಿಡಿಸಿ ಸಣ್ಣಗೆ ಹೆಚ್ಚಿ, ಹೆಸರುಬೇಳೆ ಜೊತೆ ಬೇಯಿಸಿ ತೆಂಗಿನತುರಿ ಜಾಸ್ತಿ ಹಾಕಿದರೆ ಕಹಿ ಗೊತ್ತಾಗುವುದಿಲ್ಲ. ಹೊಟ್ಟೆಗೂ ತಂಪು. ಚಾತುರ್ಮಾಸ್ಯ ಬಂದಾಗ ಮಾತ್ರ ಲೆಕ್ಕ ಬೇರೆ. ಮೊದಲ ತಿಂಗಳು ಶಾಕವ್ರತ, ಸೊಪ್ಪು ತರಕಾರಿ ಇಲ್ಲ. ಆಮೇಲೆ ಮೊಸರು ಇಲ್ಲದ ತಿಂಗಳು, ಹಾಲು ಇಲ್ಲದ ತಿಂಗಳು, ಕೊನೆಗೆ ಬೇಳೆ ಇಲ್ಲದ ತಿಂಗಳು. ಪಾರಣೆ ಅಡುಗೆಯೂ ಅದರ ಹಿಂದೆಯೇ ಬದಲಾಗುತ್ತದೆ.

ಎರಡನೇ ಮಹಡಿ

ನಿನ್ನೆಯಿಂದ ಓದುತ್ತಿದ್ದೇನೆ. ನನ್ನ ಪ್ರಶ್ನೆ ಈಗ ಸ್ವಲ್ಪ ಬದಲಾಗಿದೆ. ಆಫೀಸಿಗೆ ಏಳಕ್ಕೆ ಹೊರಡುವವರು, ಆಸ್ಪತ್ರೆಯಲ್ಲಿ ಇರುವವರು, ಅಡುಗೆ ಮಾಡಿ ಬಡಿಸಲು ಯಾರೂ ಇಲ್ಲದ ಒಂಟಿ ಹಿರಿಯರು, ಇವರು ದ್ವಾದಶಿ ಒಂದು ಗಂಟೆ ಮಾತ್ರ ಇದ್ದರೆ ಏನು ಮಾಡಬೇಕು?

ತುಂಗಾತೀರ

ಈ ಪ್ರಶ್ನೆಗೆ ಭಾಗವತದ ಒಂಬತ್ತನೇ ಸ್ಕಂಧದಲ್ಲೇ ಉತ್ತರ ಇದೆ. ಅಂಬರೀಷ ರಾಜ ಒಂದು ವರ್ಷ ದ್ವಾದಶಿ ವ್ರತ ಮಾಡಿ ಪಾರಣೆಗೆ ಕೂರುವ ಹೊತ್ತಿಗೆ ದೂರ್ವಾಸರು ಬಂದರು. ಊಟಕ್ಕೆ ಒಪ್ಪಿ ಯಮುನೆಗೆ ಸ್ನಾನಕ್ಕೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ದ್ವಾದಶಿ ಇನ್ನು ಅರ್ಧ ಮುಹೂರ್ತ ಮಾತ್ರ ಉಳಿದಿತ್ತು. ಮುಹೂರ್ತ ಅಂದರೆ 48 ನಿಮಿಷ, ಅರ್ಧ ಅಂದರೆ 24. ಅತಿಥಿಯನ್ನು ಬಿಟ್ಟು ಉಂಡರೆ ತಪ್ಪು, ದ್ವಾದಶಿ ಬಿಟ್ಟರೂ ತಪ್ಪು. ಬ್ರಾಹ್ಮಣರನ್ನು ಕೇಳಿದ. ನೀರು ಕುಡಿದರೆ ಉಂಡ ಹಾಗೂ ಹೌದು, ಉಣ್ಣದ ಹಾಗೂ ಹೌದು ಅನ್ನುವ ಮಾತು ಅಲ್ಲಿ ಬರುತ್ತದೆ. ರಾಜ ಹರಿಯನ್ನು ನೆನೆದು ನೀರು ಕುಡಿದ, ಅತಿಥಿಗಾಗಿ ಕಾದ. ದೂರ್ವಾಸರು ಸಿಟ್ಟಾದರು, ರಾಜನನ್ನು ಕೊಲ್ಲಲು ಕೃತ್ಯೆ ಅನ್ನುವ ಮಾರಿಯನ್ನು ಬಿಟ್ಟರು, ಕೊನೆಗೆ ಹರಿಯ ಸುದರ್ಶನ ಚಕ್ರ ಅಟ್ಟಿಸಿಕೊಂಡು ಬಂದದ್ದು ಅವರನ್ನೇ. ಮುನಿ ಲೋಕವೆಲ್ಲ ಸುತ್ತಿ ಬರುವ ತನಕ ರಾಜ ಮತ್ತೆ ಊಟ ಮಾಡಲಿಲ್ಲ, ಒಂದು ವರ್ಷ ಕಾದ.

ಹಾಗಾಗಿ ಹೊತ್ತಿಗೆ ಸರಿಯಾಗಿ ಒಂದು ಉದ್ಧರಣೆ, ಅಂದರೆ ಪೂಜೆಯ ಚಮಚದಷ್ಟು, ತೀರ್ಥ. ಪಾರಣೆ ಆಯಿತು. ಊಟ ನಿಮ್ಮ ಅನುಕೂಲಕ್ಕೆ. ಆಸ್ಪತ್ರೆಯ ಮಂಚದ ಮೇಲೂ ಆಗುತ್ತದೆ, ಬಸ್ಸಿನಲ್ಲೂ ಆಗುತ್ತದೆ. ನಾನು ಸರ್ವಿಸಿನಲ್ಲಿದ್ದಾಗ ಎಷ್ಟೋ ದ್ವಾದಶಿ ರೈಲಿನಲ್ಲಿ ಹೀಗೇ ಕಳೆದೆ. ಅಂಗೈಯಲ್ಲಿ ಮೂರು ಸಲ ನೀರು, ಒಂದು ತುಳಸಿ ದಳ.

ಬಸವನಗುಡಿಯ ತಾಯಿ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅವತ್ತು ಬೆಳಗ್ಗೆ ಪೂಜೆ ಆದ ಮೇಲೆ ಅತ್ತೆ ತೀರ್ಥ ತಗೊಂಡಿದ್ದರಾ? ಎಷ್ಟು ಹೊತ್ತಿಗೆ? ಕೇಳಿ ನೋಡಿ.

ಬಸವನಗುಡಿ ಸೊಸೆ

ಓದಿದ ಕೂಡಲೇ ಎದ್ದು ಹೋಗಿ ಕೇಳಿದೆ. ಅತ್ತೆ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ "ಹಾಲಿನವನು ಬಂದಿದ್ದನಲ್ಲೇ, ನೀನು ಪಾತ್ರೆ ಹುಡುಕುತ್ತಿದ್ದೆ, ಆಗ ತಗೊಂಡೆ" ಅಂದರು. ನಮ್ಮ ಹಾಲಿನವನು ಬರುವುದು ಏಳಕ್ಕೆ. ಏಳೂಕಾಲು ದಾಟಿದ್ದು ನಾನು ಕಂಡಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ನನ್ನ ಕೈ ಹಿಡಿದುಕೊಂಡರು. ಇಬ್ಬರಿಗೂ ಕಣ್ಣಲ್ಲಿ ನೀರು.

ತುಂಗಾತೀರದವರೇ, ನಿಮ್ಮ ಪಾದಕ್ಕೆ ನಮಸ್ಕಾರ.

ಹುಬ್ಬಳ್ಳಿ ಅಕ್ಕ

ಓದಿ ನನಗೂ ಗಂಟಲು ಕಟ್ಟಿತು ತಂಗಿ. ಚಲೋ ಆತು.

ಬಸವನಗುಡಿ ಸೊಸೆ

ಹದಿನೈದು ದಿನ ಆದ ಮೇಲೆ ಮತ್ತೆ ಬರೆಯುತ್ತಿದ್ದೇನೆ, ಇವತ್ತು ದ್ವಾದಶಿ.

ನಿನ್ನೆ ರಾತ್ರಿಯೇ ಪಂಚಾಂಗ ತೆಗೆದು ಕೂತೆ. ದ್ವಾದಶಿ 18-20. ಹದಿನೆಂಟು ಘಟಿ ಅಂದರೆ 7 ಗಂಟೆ 12 ನಿಮಿಷ, 20 ವಿಘಟಿಗೆ 8 ನಿಮಿಷ. ಸೂರ್ಯೋದಯ 6:02. ಮಧ್ಯಾಹ್ನ 1:22ರ ತನಕ ಇದೆ ಅಂತ ಬಂತು. ಹರಿವಾಸರ ನಿನ್ನೆ ರಾತ್ರಿಗೇ ಕಳೆದಿತ್ತು. ಅತ್ತೆಗೆ ಲೆಕ್ಕ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಬೆರಳು ಮಡಿಸಿ ಎಣಿಸಿ "ಸರಿ ಇದೆ" ಅಂದರು. ಇಷ್ಟು ವರ್ಷ ಮಾವ ಹೇಳುತ್ತಿದ್ದರು ಅಂತ ಸುಮ್ಮನಿದ್ದರು, ಅವರಿಗೂ ಲೆಕ್ಕ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ!

ಏಕಾದಶಿ ದಿನ ಬಿಪಿ ಮಾತ್ರೆಯನ್ನು ತೀರ್ಥದ ಜೊತೆ ತಗೊಂಡರು. ಶ್ಲೋಕದ ಮೊದಲ ಸಾಲನ್ನು ನಾನು ಹೇಳಿದ ಕೂಡಲೇ ಉಳಿದದ್ದನ್ನು ಅವರೇ ಹೇಳಿ ಮುಗಿಸಿದರು. "ಔಷಧಮ್" ಅಂತ ಬಂದಾಗ ನಿಲ್ಲಿಸಿ ಕೈ ಚಾಚಿದರು.

ಅಗಸೆ ಸೊಪ್ಪು ಗಾಂಧಿ ಬಜಾರಿನಲ್ಲಿ ಸಿಕ್ಕಿತು. ಸೊಪ್ಪಿನ ಅಜ್ಜಿ "ನಾಳೆ ದ್ವಾದಶಿ ಅಲ್ವಾ, ಅದಕ್ಕೇ ಜಾಸ್ತಿ ತಂದಿದೀನಿ" ಅಂದರು. ಬೆಳಗ್ಗೆ ಏಳೂವರೆಗೆ ಪಾರಣೆ ಆಯಿತು. ಪಲ್ಯ ಎರಡು ಸಲ ಹಾಕಿಸಿಕೊಂಡರು.

ಆಮೇಲೆ ಹಳೆಯ ಪಂಚಾಂಗಗಳ ಕಟ್ಟು ತರಿಸಿದರು. ಮಾವ ಪ್ರತಿ ವರ್ಷದ್ದನ್ನೂ ಸೆಣಬಿನ ದಾರದಲ್ಲಿ ಕಟ್ಟಿಟ್ಟಿದ್ದಾರೆ. ಬಿಚ್ಚಿ ನೋಡಿದರೆ ಎಲ್ಲ ದ್ವಾದಶಿಯ ಪಕ್ಕದಲ್ಲೂ ಸೀಸದಕಡ್ಡಿಯಲ್ಲಿ ಸಣ್ಣಗೆ ಗಂಟೆ ಬರೆದಿದ್ದಾರೆ. "ಬೆ. 7-50 ಒಳಗೆ." "10-40 ಆದ ಮೇಲೆ." "ಸಾಧನ, 3ಕ್ಕೆ ಏಳು." ಯುಗಾದಿ ದಿನ ಹೊಸ ಪಂಚಾಂಗ ಬಂದ ಕೂಡಲೇ ಕೂತು ವರ್ಷದ 24ಕ್ಕೂ ಬರೆದುಬಿಡುತ್ತಿದ್ದರಂತೆ, ಅಧಿಕ ಮಾಸ ಬಂದರೆ 26. ಈ ವರ್ಷದ್ದು ಮಾತ್ರ ಖಾಲಿ ಇತ್ತು.

ಮಧ್ಯಾಹ್ನ ಅತ್ತೆ ಪಕ್ಕದಲ್ಲಿ ಕೂತು ಎಣಿಸಿದರು, ನಾನು ಬರೆದೆ. ಭಾದ್ರಪದದ ತನಕ ಮುಗಿದಿದೆ. ಶ್ರಾವಣದ ಒಂದು ದ್ವಾದಶಿಯಲ್ಲಿ ನಮ್ಮಿಬ್ಬರಿಗೂ ಐದು ನಿಮಿಷ ವ್ಯತ್ಯಾಸ ಬರುತ್ತಿದೆ. ತುಂಗಾತೀರದವರೇ, ನಾಳೆ ಅದರ ಘಟಿ ಬರೆದು ಹಾಕುತ್ತೇನೆ, ಒಮ್ಮೆ ನೋಡಿ ಹೇಳುತ್ತೀರಾ?